ಕಚೇರಿಯ ಮುಂದೆ ಹೂಡಿದ ಒಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಳೆನರಸೀಪುರದ ನಮ್ಮ ಕ್ರೈಸ್ತ ಸಭೆಯ ಹೆಂಗಸರು ಬೀಸುಕಲ್ಲಿಗೆ ಹಾಕುವ ಮುನ್ನ ಒಂದು ಹಿಡಿ ರಾಗಿ ತೆಗೆದಿಟ್ಟು, ಭಾನುವಾರ ಆರಾಧನೆಗೆ ಬರುವಾಗ ಗಂಟು ಕಟ್ಟಿ ತರುತ್ತಿದ್ದರು. ದೇವಾಲಯದ ಹಿಂದಿನ ಕೋಣೆಯಲ್ಲಿದ್ದ ಗುಡಾಣಗಳಿಗೆ ಅದನ್ನು ಸುರಿಯುತ್ತಿದ್ದರು. ಉಪದೇಶಕರಾಗಿದ್ದ ಅಪ್ಪನೂ ಅಮ್ಮನೂ ಹಿತ್ತಲಲ್ಲಿ ಗಂಜಿ ಕಾಯಿಸಿ, ಜಾತಿ ಕೇಳದೆ ಹಸಿದವರಿಗೆ ಕೊಡುತ್ತಿದ್ದರು.

ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ನನಗೆ ಆ ಗುಡಾಣಗಳನ್ನು ಕಂಡರೆ ಭಯ. ಧಾನ್ಯ ಕೂಡಿಟ್ಟವರನ್ನು ಪೊಲೀಸರು ಹಿಡಿಯುತ್ತಿದ್ದ ದಿನಗಳವು. ಅರಕಲಗೂಡಿನ ಕಡೆ ಒಬ್ಬನ ಅಟ್ಟ ಶೋಧಿಸಿ, ಮೂಟೆಗಳ ಜತೆ ಅವನನ್ನೂ ಎಳೆದೊಯ್ದರೆಂಬ ಸುದ್ದಿ ಬಂದಿತ್ತು. ನಿಜವೋ, ಸಂತೆಯ ಮಾತೋ, ಈಗಲೂ ಹೇಳಲಾರೆ. ಬೀದಿಯಲ್ಲಿ ಬೂಟಿನ ಸದ್ದಾದರೆ ನಾನು ಓಡಿ ಆ ಕೋಣೆಯ ಬಾಗಿಲು ಮುಚ್ಚುತ್ತಿದ್ದುದು ಮಾತ್ರ ನಿಜ.

ಸಭೆಯ ಹಿರಿಯರೊಬ್ಬರು, ದರ್ಜಿ, ರಾಗಿಯನ್ನು ಮನೆಮನೆಗೆ ಹಂಚಿ ಬಚ್ಚಿಡೋಣವೆಂದರು. "ಅಯ್ನೋರೇ, ನಿಮ್ಮನ್ನ ಜೈಲಿಗಾಕ್ಬುಟ್ರೆ ನಮಗೆ ಪ್ರಾರ್ಥನೆ ಮಾಡೋರ್ಯಾರು? ನನ್ನ ಮಾತು ನಮ್ಮನೆಯವ್ಳೇ ಕೇಳಕಿಲ್ಲ, ಇನ್ನು ದೇವ್ರು ಕೇಳ್ತಾನಾ?"

ಯಾರೋ ನಕ್ಕರು. ಅಪ್ಪ ನಗಲಿಲ್ಲ. "ಬಚ್ಚಿಟ್ರೆ ಅದು ಕಳ್ಳಮಾಲೇ ಆಗೋಗ್ತದೆ. ನಾನೇ ಹೋಗಿ ಅಮಲ್ದಾರ್ರಿಗೆ ಹೇಳ್ಬುಡ್ತೀನಿ" ಎಂದರು.

ಅಮ್ಮನೂ ನಾನೂ ಜತೆಗೆ ತಾಲ್ಲೂಕು ಕಚೇರಿಗೆ ಹೋದೆವು. ಅಮಲ್ದಾರರು ಕತ್ತೆತ್ತದೆ ಕೇಳಿಸಿಕೊಂಡು, ಇದೆಲ್ಲ ಮತಕ್ಕೆ ಸೇರಿಸಿಕೊಳ್ಳುವ ಉಪಾಯವೇ ಎಂದರು. ಅಲ್ಲವೆಂದ ಅಪ್ಪ, ಸರ್ಕಾರವೇ ಗಂಜಿ ಕೊಡುವುದಾದರೆ ಗುಡಾಣಗಳನ್ನು ಇವತ್ತೇ ತಂದೊಪ್ಪಿಸುತ್ತೇವೆ ಎಂದುಬಿಟ್ಟರು. ನಾನು ಅಮ್ಮನ ಕೈ ಹಿಡಿದೆ. ಅದು ನನ್ನ ಕೈಗಿಂತ ತಣ್ಣಗಿತ್ತು.

"ನಾಳೆಯಿಂದ ಈ ಕಚೇರಿ ಮುಂದೇನೇ ಕಾಯಿಸಿ, ನಾನು ನೋಡೋ ಹಾಗೆ" ಎಂದರು ಅಮಲ್ದಾರರು. "ಒಂದು ದೂರು ಬಂದ್ರೆ ರಾಗಿನೂ ಇರೋಲ್ಲ, ನೀವೂ ಇರೋಲ್ಲ."

ಮರುದಿನ ಒಲೆ ಹೂಡಿದೆವು. ಹಿತ್ತಲಿಗೆ ಗೋಡೆಯ ಮರೆಯಲ್ಲಿ ಬರುತ್ತಿದ್ದವರು ಈಗ ರಸ್ತೆಯಾಚೆ ಹುಣಸೆಮರದಡಿ ನಿಂತುಬಿಟ್ಟರು. ಕ್ರೈಸ್ತರ ಕೈಯಿಂದ ಉಂಡದ್ದು ಕುಲದ ಯಜಮಾನರಿಗೆ ತಿಳಿದರೆ ಏನು ಗತಿ ಎಂಬ ಹೆದರಿಕೆ ಅವರಿಗೆ. ಇದು ನಮಗೆ ಹೊಳೆದೇ ಇರಲಿಲ್ಲ. ಗಂಜಿ ಕೆನೆಗಟ್ಟಿತು. ಮೆಟ್ಟಿಲ ಮೇಲೆ ಕುಳಿತ ಜವಾನ ನೋಡುತ್ತಲೇ ಇದ್ದ.

ಅಮ್ಮ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು ರಸ್ತೆ ದಾಟಿದಳು. ಜವಾನ ಎದ್ದು ಒಳಗೆ ಹೋದ. ಅಪ್ಪ ಆರಿದ ಒಲೆಯನ್ನು ಸುಮ್ಮನೆ ಕೆದಕುತ್ತ ಕೂತರು. ಮರದಡಿಯ ಮಕ್ಕಳು ಗಂಜಿಯನ್ನು ಸೊರ್ರನೆ ಹೀರುವ ಸದ್ದು ನನ್ನ ನೆನಪಿನಲ್ಲಿದೆ, ಆದರೆ ಅಷ್ಟು ದೂರಕ್ಕೆ ಅದು ಕೇಳಿಸಿರಲಾರದು.

ಒಳಗಿನಿಂದ ಕರೆ ಬರಲಿಲ್ಲ. ಆದರೂ ಹೊಸ ರಾಗಿ ಬರುವವರೆಗೆ, ಯಾವ ಗಳಿಗೆಯಲ್ಲಿ ಬಂದೀತೋ ಎಂದು, ಕಚೇರಿಯ ಬಾಗಿಲಿಗೆ ಬೆನ್ನು ಹಾಕಿ ನಾವ್ಯಾರೂ ಗಂಜಿ ಬಡಿಸಲಿಲ್ಲ.