ಅಂಚಕ್ಕನ ಬಕೆಟ್

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅಂಚಕ್ಕ ಎನ್ನುತ್ತಿದ್ದರು. ಎಂಟು ವರ್ಷದಿಂದ ಅವಳ ಕೆಲಸ ಚಾದರ ಮಡಿಸುವುದು. ಎದುರು ನಿಂತು ಹಿಡಿದವಳು ಎಷ್ಟೇ ಅಡ್ಡಾದಿಡ್ಡಿ ಎಳೆಯಲಿ, ಇವಳ ಕೈಗೆ ಬಂದ ಮೇಲೆ ಚಾದರದ ನಾಲ್ಕು ಅಂಚೂ ಒಂದರ ಮೇಲೊಂದು ತಪ್ಪದೆ ಕೂತುಬಿಡುತ್ತಿದ್ದವು. ಮನೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಅವಳು ‘ನೋಡಮ್ಮ’, ಗಂಡನಿಗೆ ‘ಇವಳೇ’, ಐದು ತಿಂಗಳ ಮಗಳಿಗೆ ಬರೀ ಹಾಲಿನ ವಾಸನೆ.

ಆ ಲಾಂಡ್ರಿಯನ್ನು ಒಂದು ಗೋಡೆ ಎರಡು ಮಾಡಿತ್ತು. ಗೋಡೆಯೊಳಗೇ ಆರು ದೊಡ್ಡ ಮಿಶಿನ್‌ಗಳನ್ನು ಕೂರಿಸಿದ್ದರು. ಒಂದೊಂದಕ್ಕೂ ಎರಡೆರಡು ಬಾಗಿಲು. ಆ ಕಡೆ ಕೊಳೆ ಬದಿ. ರಕ್ತ, ಕೀವು, ವಾಂತಿಯ ಬಟ್ಟೆ ಆ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಈ ಕಡೆ ಶುಚಿ ಬದಿ. ಬಿಸಿಬಿಸಿಯಾಗಿ ಬೆಳ್ಳಗೆ ಈ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಆ ಬದಿಯವರು ಈ ಬದಿಗೆ ಕಾಲಿಡುವಂತಿರಲಿಲ್ಲ, ಈ ಬದಿಯವರಿಗೆ ಆ ಬದಿಯಲ್ಲಿ ಕೆಲಸವಿರಲಿಲ್ಲ. ಹಾಗಾಗಿ ಅಂಚಕ್ಕ ಎಂಟು ವರ್ಷ ಬೆಳ್ಳಗಿನ ಬಟ್ಟೆಯನ್ನಷ್ಟೇ ನೋಡಿದ್ದಳು. ಅದು ಹೇಗೆ ಬೆಳ್ಳಗಾಗುತ್ತದೆ ಎಂದು ನೋಡಿರಲಿಲ್ಲ.

ಬಾಣಂತನದ ರಜೆ ಮುಗಿಸಿ ಬಂದ ಮೊದಲ ತಿಂಗಳ ಕೈ ತಪಾಸಣೆಯಲ್ಲಿ ಮೇಲ್ವಿಚಾರಕಿ ಅವಳ ಎರಡೂ ಅಂಗೈಯನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಬೆರಳ ಸಂದುಗಳು ಬಿರಿದಿದ್ದವು. ಹೆಬ್ಬೆರಳಿನ ಬುಡದಲ್ಲಿ ಸೀಳು ಬಿಟ್ಟು ಒಳಗಿನ ಕೆಂಪು ಕಾಣುತ್ತಿತ್ತು.

“ಏನಕ್ಕಾ ಇದು? ಚಾದರ ಮಡಿಸಿ ಹೀಗಾಗಲ್ಲ.”

“ಮನೇಲಿ ಮಗು ಬಟ್ಟೆ ಮೇಡಂ.”

“ಸೀಳಿರೋ ಕೈ ಶುಚಿ ಬದೀಲಿ ಇರೋ ಹಾಗಿಲ್ಲ. ನಂಗೆ ಇಷ್ಟ ಅಂತ ಅಲ್ಲ, ನಿಯಮ. ಮುಂದಿನ ತಪಾಸಣೆ ಹೊತ್ತಿಗೆ ಮುಚ್ಚಿರ್ಬೇಕು. ಇಲ್ಲಾಂದ್ರೆ ಆ ಬದಿ.”

ಆ ಬದಿ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇವಳು ಕಂಡ ಎಂಟು ವರ್ಷದಲ್ಲಿ ಆ ಬದಿಗೆ ಹೋದವರು ನಾಲ್ವರು. ‘ವಾಸಿಯಾದ ಮೇಲೆ ಬರ್ತೀನಿ’ ಎಂದೇ ಎಲ್ಲರೂ ಹೋಗಿದ್ದರು. ಯಾರೂ ಬಂದಿರಲಿಲ್ಲ.

ಮಗು ದಿನಕ್ಕೆ ಹದಿನೈದು ಲಂಗೋಟಿ ಒದ್ದೆ ಮಾಡುತ್ತಿತ್ತು. ಹೊಟ್ಟೆ ಕೆಟ್ಟ ದಿನ ಇಪ್ಪತ್ತು. ಅವೆಲ್ಲ ಆಸ್ಪತ್ರೆಯಲ್ಲಿ ಹರಿದು ರದ್ದಿಗೆ ಹಾಕಿದ ಚಾದರಗಳಿಂದ ಅವಳೇ ಕತ್ತರಿಸಿ ಅಂಚು ಹೊಲಿದವು. ಹಗಲಲ್ಲಿ ಮಗುವನ್ನು ನೋಡಿಕೊಳ್ಳುವವರು ಅತ್ತೆ. ಅದರಲ್ಲಿ ಅವರದು ಎತ್ತಿದ ಕೈ. ಕೂಸು ಒದ್ದೆಯಲ್ಲಿ ಎರಡು ನಿಮಿಷ ಮಲಗಿದ್ದಿಲ್ಲ. ಆದರೆ ಮಂಡಿ ನೋವಿನವರು, ಬಗ್ಗಿ ಒಗೆಯಲಾರರು. ಬಿಚ್ಚಿದ್ದನ್ನೆಲ್ಲ ಬಚ್ಚಲಿನ ಬಕೆಟ್ಟಿಗೆ ಹಾಕಿ ಮೇಲೆ ತಟ್ಟೆ ಮುಚ್ಚುವರು. ಸಂಜೆ ಅಂಚಕ್ಕ ಮೂರು ಮಹಡಿ ಹತ್ತಿ ಬಂದು ಚಪ್ಪಲಿ ಬಿಡುವುದರೊಳಗೆ ಆ ಬಕೆಟ್ ಅವಳಿಗಾಗಿ ಕಾದಿರುತ್ತಿತ್ತು. ಮನೆಯಲ್ಲಿ ಅವಳ ದಾರಿ ಕಾಯುವ ಬಕೆಟ್ಟಿನಷ್ಟು ನಿಯತ್ತಿನ ಪ್ರಾಣಿ ಇನ್ನೊಂದಿರಲಿಲ್ಲ.

ತಪಾಸಣೆಯಾದ ದಿನ ಅವಳು ಅಂಗಡಿಯಿಂದ ಒಂದು ಪ್ಯಾಕೆಟ್ ಡೈಪರ್ ತಂದಳು. ಅತ್ತೆ ಅದನ್ನು ಸತ್ತ ಇಲಿಯನ್ನು ಎತ್ತುವ ಹಾಗೆ ಮೂಲೆ ಹಿಡಿದು ಎತ್ತಿ ನೋಡಿದರು.

“ಪ್ಲಾಸ್ಟಿಕ್ ಕಟ್ಟಿ ಕೂಸನ್ನ ಬೇಯಿಸ್ತೀಯಾ? ನಾನು ನಾಲ್ಕು ಮಕ್ಕಳನ್ನ ಹೆತ್ತೆ. ನಾಲ್ಕಕ್ಕೂ ಹಳೇ ಬಟ್ಟೆನೇ. ಒಂದಕ್ಕಾದ್ರೂ ಒಂದು ಗುಳ್ಳೆ ಎದ್ದಿದ್ದಿಲ್ಲ.”

“ನನ್ನ ಕೈ ನೋಡಿ ಅತ್ತೆ.”

“ನೋಡಿದೀನಮ್ಮ. ನನ್ನ ಕೈ ಯಾರು ನೋಡಿದ್ರು?”

ಹೌದು, ಅತ್ತೆಯ ಬೆರಳುಗಳೂ ಗಂಟುಗಂಟಾಗಿ ಒಂದೇ ಕಡೆಗೆ ವಾಲಿದ್ದವು. ಆದರೆ ಅದನ್ನು ಅವರು ಕಷ್ಟ ಎಂದು ತೋರಿಸುತ್ತಿರಲಿಲ್ಲ, ಪದಕದ ಹಾಗೆ ತೋರಿಸುತ್ತಿದ್ದರು. ಅಂಚಕ್ಕ ಗಂಡನ ಕಡೆ ತಿರುಗಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಮೇಲೆ ಕೆಳಗೆ ಸಾಗಿಸಿ ಸುಸ್ತಾಗಿ ಬಂದು ಮೊಬೈಲ್ ಹಿಡಿದು ಕೂತಿದ್ದ.

“ಅದು ಮಣ್ಣಲ್ಲಿ ಐನೂರು ವರ್ಷ ಕರಗಲ್ವಂತೆ ಕಣೇ. ವಿಡಿಯೋ ಬಂದಿತ್ತು,” ಎಂದ.

ಐನೂರು ವರ್ಷದ ಆಚೆಗಿನ ಮಣ್ಣು ಕಾಣುತ್ತಿದ್ದ ಆ ಕಣ್ಣಿಗೆ ಐದು ಹೆಜ್ಜೆ ಆಚೆಗಿನ ಬಕೆಟ್ ಕಂಡಿರಲಿಲ್ಲ.

“ಹಾಗಾದ್ರೆ ನೀವೇ ಒಂದು ತಿಂಗಳು ಒಗೀರಿ. ಕೈ ವಾಸಿ ಆಗೋವರೆಗೆ.”

“ಒಗೀಬಹುದು. ನೋಡೋಣ. ಅಮ್ಮ ಏನಂತಾರೋ.” ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಅಮ್ಮ ಏನೂ ಅನ್ನಲಿಲ್ಲ. ಮರುದಿನ ಅವನು ಬಚ್ಚಲಿಗೆ ಹೋಗಿ ತಟ್ಟೆ ತೆಗೆದ. ಮುಚ್ಚಿದ. ಹೊರಗೆ ಬಂದು, “ಇದಕ್ಕೆ ನಿನ್ನ ಕೈ ಗುಣನೇ ಸರಿ,” ಎಂದ. ಹೊಗಳಿಕೆಯೇ ಇದ್ದೀತು. ಡೈಪರ್ ಪ್ಯಾಕೆಟ್ಟನ್ನು ಅತ್ತೆ ಮಗನ ಕೈಯಿಂದ ಕಪಾಟಿನ ಮೇಲೆ ಇಡಿಸಿದರು. ಡಾಕ್ಟರ ಹತ್ತಿರ ಹೋಗುವಾಗ ಮಾತ್ರ ಒಂದು ಹಾಕಬಹುದು ಎಂಬಲ್ಲಿಗೆ ರಾಜಿಯಾಯಿತು.

ಕೈಗೆ ಕೆಡುಕು ಆಗುತ್ತಿದ್ದುದು ನೀರಿಗಿಂತ ಹೆಚ್ಚಾಗಿ ಉಜ್ಜುವುದರಿಂದ. ಉಜ್ಜದೆ ಕಲೆ ಹೋಗುವಂತಿದ್ದರೆ ಸಾಕು ಎಂದು ಅವಳಿಗೆ ಅನಿಸಿದ್ದೇ ತಡ, ಉತ್ತರ ಕಣ್ಣೆದುರೇ ಇತ್ತು. ಆಸ್ಪತ್ರೆಯಲ್ಲಿ ಚಾದರವನ್ನು ಯಾರು ಉಜ್ಜುತ್ತಾರೆ? ರಕ್ತದಲ್ಲಿ ನೆನೆದದ್ದು ಹಂಸದ ಹಾಗೆ ಬರುತ್ತದೆ. ಕೊಳೆ ಬದಿಯಲ್ಲಿ ಬಟ್ಟೆ ತುಂಬುವ ಹಿರಿಯನೊಬ್ಬನಿದ್ದ, ಎಲ್ಲರೂ ಮಿಶಿನ್ ಮಾಮ ಎನ್ನುತ್ತಿದ್ದರು. ಊಟದ ಹೊತ್ತಲ್ಲಿ ಅಂಗಳದ ನಲ್ಲಿ ಹತ್ತಿರ ಅವಳು ಅವನನ್ನು ಹಿಡಿದಳು.

“ಮಾಮ, ಏನು ಹಾಕ್ತೀರಿ ಅದಕ್ಕೆ?”

“ಸೋಡಾ ಪುಡಿ. ಅಂಗಡೀದಲ್ಲ, ಇದು ರಾಕ್ಷಸ. ಯಾಕೆ?”

“ಒಂಚೂರು ಬೇಕಿತ್ತು. ಮಗು ಬಟ್ಟೆಗೆ.”

“ಚಮಚದಲ್ಲಿ ಹಾಕು ಮತ್ತೆ. ಕೈ ಅದ್ದಬೇಡ, ಕೋಲಲ್ಲಿ ತಿರುವು.” ಅವನು ಮರುದಿನ ಗಾಜಿನ ಬಾಟಲಿಯೊಂದರಲ್ಲಿ ತುಂಬಿ ತಂದುಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ.

ಎಂಟು ದಿನ ಮನೆಯಲ್ಲಿ ಒಂದು ಪವಾಡ ನಡೆಯಿತು. ಬಿಸಿನೀರಿಗೆ ಒಂದು ಚಮಚ ಪುಡಿ, ಲಂಗೋಟಿ, ಕೋಲು. ಅರ್ಧ ಗಂಟೆಗೆ ಕಲೆಯೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡುತ್ತಿತ್ತು. ಆಮೇಲೆ ನೀರಿನಲ್ಲಿ ಜಾಲಿಸುವುದಷ್ಟೇ. ಮೂರನೇ ಮಹಡಿಗೆ ನಲ್ಲಿ ನೀರು ಹತ್ತುತ್ತಿದ್ದುದು ಸಂಜೆ ಒಂದು ತಾಸು. ಅಡುಗೆಗೆ, ಸ್ನಾನಕ್ಕೆ ತುಂಬಿಟ್ಟು ಉಳಿದದ್ದರಲ್ಲಿ ಎರಡು ಸಲ ಜಾಲಿಸುವಳು. ಅವಳ ಹೆಬ್ಬೆರಳ ಸೀಳು ಅಂಚಿನಿಂದ ಒಣಗತೊಡಗಿತು.

“ಎಷ್ಟು ಬೆಳ್ಳಗೆ ಮಾಡಿದೀಯಮ್ಮ,” ಎಂದು ಅತ್ತೆ ಹಗ್ಗದ ಮೇಲಿನ ಲಂಗೋಟಿ ಮುಟ್ಟಿ ನೋಡಿದರು. “ಸ್ವಲ್ಪ ಒರಟು ಅಷ್ಟೇ. ಬಿಸಿಲಿಗಿರ್ಬೇಕು.”

ಒಂಬತ್ತನೇ ದಿನ ಮಗುವಿಗೆ ಲಸಿಕೆ. ಡೈಪರ್ ಹಾಕಿಕೊಂಡು ಹೋಗಿ ಬಂದರು. ಸಂಜೆ ಬಿಚ್ಚಿದಾಗ ತೊಡೆಸಂದು ಕೆಂಪಗಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಚರ್ಮ ಸುಲಿದು ನೀರಾಡಿತು. ಅಂಚಕ್ಕ ಕೆಲಸದಿಂದ ಬರುವಾಗ ಮೆಟ್ಟಿಲ ಬುಡಕ್ಕೇ ಮಗುವಿನ ಅಳು ಕೇಳಿಸಿತು.

“ಹೇಳಿರಲಿಲ್ವಾ ನಾನು?” ಅತ್ತೆಯ ಕಣ್ಣು ತುಂಬಿತ್ತು. ಕೂಸನ್ನು ಎತ್ತಿಕೊಂಡೇ ಮಧ್ಯಾಹ್ನವೆಲ್ಲ ಓಡಾಡಿದ್ದರು, ಊಟವಿರಲಿಲ್ಲ. “ಒಂದೇ ಒಂದು ದಿನ ಆ ಪ್ಲಾಸ್ಟಿಕ್ ಕಟ್ಟಿದ್ದಕ್ಕೆ. ಒಂದೇ ದಿನ. ಮೈಗಳ್ಳಿಯರಿಗೆ ಮಗು ಯಾಕೆ ಬೇಕು?”

ಗಂಡ ಅಮ್ಮನ ಹಿಂದೆ ನಿಂತಿದ್ದ. ಅಮ್ಮನ ಮಾತಿಗೆ ತಲೆಯಾಡಿಸಿದ.

ಅಂಚಕ್ಕ ಮಗುವನ್ನು ಮಂಚದ ಮೇಲೆ ಮಲಗಿಸಿ ನೋಡಿದಳು. ಬಟ್ಟೆ ನೋಡಿ ಪಳಗಿದ ಕಣ್ಣು. ಕೆಂಪು ತೊಡೆಸಂದಿನಲ್ಲಿ ಮಾತ್ರ ಇರಲಿಲ್ಲ. ಸೊಂಟದ ಸುತ್ತ, ಗಂಟು ಬೀಳುವ ಹೊಕ್ಕುಳ ಕೆಳಗೆ, ಲಂಗೋಟಿಯ ತುದಿ ತಾಗುವ ಬೆನ್ನ ಮೇಲೆ, ಎಲ್ಲಿ ಬಟ್ಟೆ ಮುಗಿಯುತ್ತದೋ ಅಲ್ಲಿ ಗೆರೆ ಎಳೆದ ಹಾಗೆ ಕೆಂಪೂ ಮುಗಿದಿತ್ತು. ಅವಳು ಹೊಲಿದ ಅಂಚು ಮಗುವಿನ ಮೈಮೇಲೆ ಮೂಡಿತ್ತು. ಮಗುವನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು, “ಡಾಕ್ಟ್ರ ಹತ್ರ ಹೋಗೋಣ,” ಎಂದಳು.

ದಾರಿಯುದ್ದಕ್ಕೂ ರಿಕ್ಷಾದಲ್ಲಿ ಅವಳು ಲೆಕ್ಕ ಹಾಕಿದ್ದು ಇದನ್ನೇ. ಸುಮ್ಮನಿದ್ದರೆ ತಪ್ಪು ಪ್ಲಾಸ್ಟಿಕ್ಕಿನದು. ಇವತ್ತಿಂದ ಪುಡಿ ಹಾಕುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆದರೆ ಆಮೇಲೆ ಡೈಪರಿನ ಹೆಸರೆತ್ತುವ ಹಾಗಿಲ್ಲ, ಉಜ್ಜುವುದು ಮತ್ತೆ ಶುರು, ತಪಾಸಣೆಗೆ ಇನ್ನು ಆರು ದಿನ. ಹೇಳಿದರೆ, ಹೆತ್ತ ಮಗುವನ್ನು ಸುಟ್ಟವಳು. ಅತ್ತ ದರಿ, ಇತ್ತ ಪುಲಿ, ಮಡಿಲಲ್ಲಿ ಅಳುವ ಕೂಸು.

ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು. ಅವರು ಕೇಳುವ ಮೊದಲೇ ಅತ್ತೆ ಹೇಳಿದರು, “ಪ್ಲಾಸ್ಟಿಕ್ ಚಡ್ಡಿ ಡಾಕ್ಟ್ರೇ. ಬೇಡಬೇಡ ಅಂದ್ರೂ.”

“ಎಷ್ಟು ದಿನದಿಂದ ಹಾಕ್ತಿದೀರಿ?”

“ನಿನ್ನೆ ಒಂದು.”

“ಒಂದಾ?” ಡಾಕ್ಟರು ಕನ್ನಡಕ ಸರಿಸಿ ಮತ್ತೆ ನೋಡಿದರು. “ಉಷ್ಣಕ್ಕೆ ಒಂದು ಮುಲಾಮು ಇದೆ,” ಎಂದು ಚೀಟಿಯಲ್ಲಿ ಬರೆದರು. “ಆದ್ರೆ ಇದು…”

“ಅದಲ್ಲ ಡಾಕ್ಟ್ರೇ,” ಎಂದಳು ಅಂಚಕ್ಕ. “ಬಟ್ಟೆ. ನಾನು ಲಾಂಡ್ರಿ ಸೋಡಾ ಹಾಕಿ ಒಗೆದೆ. ಎಂಟು ದಿನ.”

ಡಾಕ್ಟರು ಚೀಲದಿಂದ ಒಂದು ಒಣ ಲಂಗೋಟಿ ತೆಗೆಸಿ ನೀರು ಚಿಮುಕಿಸಿ ಬೆರಳಲ್ಲಿ ತಿಕ್ಕಿದರು. ಲೋಳೆಲೋಳೆಯಾಗಿ ಜಾರಿತು. “ಸೋಡಾ ಇದರಲ್ಲೇ ಕೂತಿದೆ. ಮಗು ಒದ್ದೆ ಮಾಡಿದಾಗೆಲ್ಲ ಕರಗಿ ಸುಟ್ಟಿದೆ. ಹೇಳಿದ್ದು ಒಳ್ಳೇದಾಯ್ತು,” ಎಂದು ಮೊದಲು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಚೀಟಿ ಕೊಡುವಾಗ ಅವಳ ಕೈ ಕಣ್ಣಿಗೆ ಬಿತ್ತು. “ನಿಮಗೂ ಮುಲಾಮು ಬೇಕು. ಹದಿನೈದು ದಿನ ಈ ಕೈ ನೀರಿಗೆ ಹೋಗ್ಬಾರ್ದು. ಮಗೂಗೆ ಬಟ್ಟೆನೋ ಡೈಪರೋ ಯಾವುದಾದ್ರೂ ಹಾಕಿ, ತಕ್ಷಣ ಬದಲಾಯಿಸಿ. ಬಟ್ಟೆ ಆದ್ರೆ ಐದಾರು ನೀರಲ್ಲಿ ಜಾಲಿಸ್ಬೇಕು. ಯಾರು ಜಾಲಿಸ್ತೀರಿ?”

ಅತ್ತೆ ಮಂಡಿ ಸವರಿಕೊಂಡರು. ಗಂಡ ಗೋಡೆಯ ಮೇಲಿದ್ದ ಮಗುವಿನ ತೂಕದ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

ಮನೆಗೆ ಬಂದ ಮೇಲೆ ಅವನು ಬಾಯಿ ಬಿಟ್ಟ. “ಕೆಲಸ ಬಿಟ್ಬಿಡು. ಮನೇಲಿದ್ದು ಮಗು ನೋಡ್ಕೋ. ಕೈನೂ ವಾಸಿ ಆಗುತ್ತೆ.”

“ಮನೇಲಿರೋ ನೀರು ಒಣಗಿರುತ್ತಾ ರೀ?”

ಅವನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿ ಹೊರಗೆ ಹೋದ.

ಮಗು ಅತ್ತೂ ಅತ್ತೂ ನಿದ್ದೆ ಹೋಗಿತ್ತು. ಅತ್ತೆ ಅದರ ಪಕ್ಕ ಕೂತು ಗಾಳಿ ಬೀಸಿದರು. ಆಮೇಲೆ, “ನೀನು ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ,” ಎಂದರು.

“ಹೂಂ.”

“ಮತ್ಯಾಕೆ ಹೇಳ್ದೆ?”

“ಬೇರೆ ಮುಲಾಮು ಕೊಡ್ತಿದ್ರು ಅತ್ತೆ.”

ಅತ್ತೆ ಕಪಾಟಿನ ಕಡೆ ನೋಡಿದರು. ಸ್ಟೂಲ್ ಹತ್ತಲಾಗದೆ ಕೋಲಿನಿಂದ ತಳ್ಳಿ ಪ್ಯಾಕೆಟ್ ಬೀಳಿಸಿದರು. “ನನ್ನ ಎರಡನೇದಕ್ಕೆ ಹೀಗೇ ಆಗಿತ್ತು,” ಎಂದರು, ಅವಳ ಮುಖ ನೋಡದೆ. “ಸೋಪು ಸರಿಯಾಗಿ ಬಿಟ್ಟಿರ್ಲಿಲ್ಲ. ಬೆರಳು ಮಡಚೋಕೆ ಆಗ್ತಿರ್ಲಿಲ್ಲ, ಹಿಂಡದೇ ಹಾಕಿಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ದೃಷ್ಟಿ ಆಗಿದೆ ಅಂದೆ.” ಪ್ಯಾಕೆಟ್ ಹರಿದರು. “ಹೇಗೆ ಹಾಕೋದು ಇದನ್ನ? ಹಿಂದೆ ಯಾವುದು, ಮುಂದೆ ಯಾವುದು?”

ಅಂಚಕ್ಕ ತೋರಿಸಿಕೊಟ್ಟಳು.

ಮಗು ವಾರದಲ್ಲಿ ಚೇತರಿಸಿಕೊಂಡಿತು. ಎಳೆಯ ಚರ್ಮ, ಬೇಗ ಕೂಡಿಕೊಂಡಿತು. ಮೂವತ್ತರ ಚರ್ಮಕ್ಕೆ ಆ ಅವಸರವಿಲ್ಲ. ಲಂಗೋಟಿ ಹೋದರೂ ಪಾತ್ರೆ ಇತ್ತು, ಅಕ್ಕಿ ತೊಳೆಯುವುದಿತ್ತು, ನೆಲ ಒರೆಸುವುದಿತ್ತು, ಗಂಡನ ಗ್ರೀಸ್ ಅಂಗಿಯಿತ್ತು. ಆರು ದಿನ ಕಳೆದು ಮೇಲ್ವಿಚಾರಕಿ ದೀಪದ ಕೆಳಗೆ ಅಂಗೈ ಹಿಡಿದಾಗ ಬೆರಳ ಸಂದು ಮುಚ್ಚಿತ್ತು. ಹೆಬ್ಬೆರಳ ಸೀಳು ಮುಚ್ಚಿದ ಹಾಗಿತ್ತು; ಒತ್ತಿದಾಗ ಒಂದು ಹನಿ ರಕ್ತ ಬಂತು.

“ನಾಲ್ಕು ದಿನ ಕೊಡಿ ಮೇಡಂ.”

“ನಾಲ್ಕು ದಿನದಲ್ಲಿ ನಿನ್ನ ಕೈ ಮುಟ್ಟಿದ ಚಾದರ ಎಷ್ಟು ಜನರ ಗಾಯಕ್ಕೆ ಹೋಗುತ್ತೆ ಗೊತ್ತಾ?” ಎಂದಳು ಮೇಲ್ವಿಚಾರಕಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ವಾಸಿ ಆದ್ಮೇಲೆ ಬಾ ಅಕ್ಕಾ.”

ಅಂಚಕ್ಕ ಅಂಗಳ ಸುತ್ತಿಕೊಂಡು ಆ ಕಡೆಯ ಬಾಗಿಲಿಗೆ ಹೋದಳು. ಒಳಗಿನ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮಿಶಿನ್ ಮಾಮ ಅವಳನ್ನು ಕಂಡು ತಲೆ ತಗ್ಗಿಸಿದ. ಮಗುವಿನ ಸುದ್ದಿ ಅವನಿಗೂ ತಲುಪಿತ್ತು. ಮಿಶಿನ್‌ಗಳ ಪಕ್ಕದಲ್ಲಿ ಸಾಲಾಗಿ ಕ್ಯಾನುಗಳಿದ್ದವು, ಒಂದೊಂದರಿಂದ ಒಂದೊಂದು ಸಣ್ಣ ಪೈಪು ಗೋಡೆಯೊಳಗೆ ಹೋಗಿತ್ತು.

“ಆ ನೀಲಿ ಕ್ಯಾನ್ ಏನು ಮಾಮ?”

“ಹುಳಿ. ಕೊನೇ ನೀರಿಗೆ ಮಿಶಿನ್ನೇ ಎಳ್ಕೊಳ್ಳುತ್ತೆ, ಸೋಡಾ ಸಾಯಿಸೋಕೆ. ನಾವು ಕೈಯಲ್ಲಿ ಹಾಕೋದಲ್ಲ ನೋಡು. ಅದಕ್ಕೇ ನಂಗೂ ಹೇಳೋಕೆ ನೆನಪಾಗ್ಲಿಲ್ಲ. ನೀನೂ ಕೇಳ್ಲಿಲ್ಲ.”

“ಇಲ್ಲ. ಕೇಳ್ಲಿಲ್ಲ.”

ಗಂಟೆ ಬಡಿಯಿತು. ಮಕ್ಕಳ ವಾರ್ಡಿನ ಚೀಲಗಳು ಜಾರುಹಲಗೆಯ ಮೇಲಿಂದ ದಬದಬ ಬೀಳತೊಡಗಿದವು. ಅವನು ಗೂಟದಿಂದ ಮೊಣಕೈವರೆಗಿನ ರಬ್ಬರ್ ಕೈಗವಸುಗಳನ್ನು ತೆಗೆದು ಕೊಟ್ಟ. ಎಂಟು ಗಂಟೆ ಬಿಚ್ಚುವ ಹಾಗಿಲ್ಲ ಎಂದ. ಅವಳು ಸೀಳು ಆರದ ಬೆರಳು ತೂರಿಸಿದಳು. ಒಳಗೆ, ಹಿಂದಿನ ಪಾಳಿಯವಳ ಬೆವರು ಇನ್ನೂ ಆರಿರಲಿಲ್ಲ.