ಒಣದ್ರಾಕ್ಷಿಯ ಪಕ್ಕದಲ್ಲಿ ಎರಡು ಸರ್ವರ್

ಶೇಡಬಾಳದ ಹೊರಗೆ ನಮ್ಮದೊಂದು ಕೋಲ್ಡ್ ಸ್ಟೋರೇಜ್ ಇದೆ. ಸುತ್ತಲಿನ ರೈತರು ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಒಳ್ಳೆಯ ದರ ಬರುವವರೆಗೆ ಅಲ್ಲಿ ಇಡುತ್ತಾರೆ. ಯಾರ ಪೆಟ್ಟಿಗೆ ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದೆಲ್ಲ ಮಾವನವರ ತಲೆಯಲ್ಲೇ ಇರುತ್ತಿತ್ತು. ಹಾಗಾಗಿ ಕಚೇರಿಯ ಕುರ್ಚಿಯೂ ಅವರದೇ. ನಮ್ಮನೆಯವರು ಕೂದಲು ನರೆತರೂ ಅದರ ಪಕ್ಕದಲ್ಲಿ ನಿಂತೇ ಇದ್ದರು.

"ನಿನ್ನ ಮಷಿನ್ ನನ್ನಂಗ ಜಾಗಾ ಹೇಳಲಿ, ಕುರ್ಚಿ ನಿಂದು," ಎಂದರು ಮಾವನವರು, ಈ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕೋಣವೆಂದು ಮಗ ಹೇಳಿದ ದಿನ. "ಹಂಗಾಮಿನ ಮೊದಲ ಗಾಡಿ ಬರೂದರಾಗ ಆಗಬೇಕ ಮತ್ತ."

ನಮ್ಮನೆಯವರು ಇಬ್ಬರು ಕಂಪ್ಯೂಟರಿನವರನ್ನು ಕರೆಸಿದರು. ಕೊಲ್ಲಾಪುರದಿಂದ ಟೈ ಕಟ್ಟಿಕೊಂಡು ಬಂದವರದು ಲೈಸೆನ್ಸ್ ಕೊಂಡು ಬಳಸುವ ಸರ್ವರ್, ಲೆಕ್ಕ ಇಡಲು ಅದಕ್ಕೊಪ್ಪುವ ಡೇಟಾಬೇಸ್. ಹತ್ತಿರದ ಅಂಕಲಿಯಿಂದ ಬಂದವರ ಅಂಗಿಯ ಮೇಲೆ ಪೆಂಗ್ವಿನ್ ಚಿತ್ರ. ಅವರದು ಅದೇ ಗುರುತಿನ, ಪುಕ್ಕಟೆ ಸಿಗುವ ಲಿನಕ್ಸ್; ಡೇಟಾಬೇಸೂ ಪುಕ್ಕಟೆ.

"ಪುಕ್ಕಟೆದ್ದು ಕೆಟ್ರ ಯಾರನ್ನ ಕೇಳ್ತೀರಿ, ಸಾಹೇಬ್ರ?" ಎಂದರು ಟೈಯವರು.

"ಜಗತ್ತಿನ ಮಂದಿ ಎಲ್ಲಾ ಸಹಾಯಕ್ಕ ಬರ್ತಾರ್ರಿ," ಎಂದರು ಪೆಂಗ್ವಿನ್‌ನವರು.

"ಎಲ್ಲಾರೂ ಬರ್ತಾರಂದ್ರ ಯಾರೂ ಬರೂದಿಲ್ಲ," ಎಂದರು ಮಾವನವರು. ಟೈಯವರು ನಕ್ಕಾಗ ಅವರ ಕಡೆ ತಿರುಗಿ, "ನೀವರ ಬರ್ತೀರೇನು?"

"ನಮ್ಮದು ಟೋಲ್ ಫ್ರೀ ನಂಬರ್ ಐತ್ರಿ."

ಮಾವನವರು ಅವರನ್ನೂ ಅಷ್ಟೇ ಕನಿಕರದಿಂದ ನೋಡಿದರು.

ಕೊನೆಗೆ ಇಬ್ಬರೂ ಮಾವನವರು ಹೇಳಿದ ಲೆಕ್ಕವನ್ನು ತುಂಬಿಸಿ ಒಂದೊಂದು ಮಷಿನ್ನನ್ನು ಪರೀಕ್ಷೆಗೆ ಬಿಟ್ಟುಹೋದರು. ಇಡೀ ದಿನ ಅವರು ಒಮ್ಮತದಿಂದ ಹೇಳಿದ್ದು ಒಂದೇ ಮಾತು: ಮಷಿನ್ ತಣ್ಣಗಿರಬೇಕು. ಅದನ್ನು ಕೇಳಿ ನಮ್ಮನೆಯವರ ಮುಖ ಅರಳಿತು. ತಣ್ಣಗಿನ ಜಾಗ ನಮ್ಮಷ್ಟು ಇನ್ಯಾರ ಹತ್ತಿರ ಇದೆ? ಎರಡನ್ನೂ ಒಯ್ದು ಮೂರನೆಯ ಕೋಣೆಯೊಳಗೆ, ದ್ರಾಕ್ಷಿ ಪೆಟ್ಟಿಗೆಗಳ ನಡುವೆ ಕೂರಿಸಿದರು.

"ಥಂಡಿ ಜಾಸ್ತಿ ಆಗೂದಿಲ್ಲೇನ್ರಿ?" ಎಂದು ಕೇಳಿದೆ.

"ಒಂದರ ಮ್ಯಾಲ ಪೆಂಗ್ವಿನ್ ಐತಿ. ಅದು ಇನ್ನೊಂದಕ್ಕ ಧೈರ್ಯ ಹೇಳತೈತಿ."

ನಿಜಕ್ಕೂ ಎರಡೂ ಚೆನ್ನಾಗಿಯೇ ನಡೆದವು. ಮಾವನವರ ಮುಂದೆ ಪರೀಕ್ಷೆಯ ದಿನ ಬಂದಾಗ ನಮ್ಮನೆಯವರು ಅವುಗಳನ್ನು ಬಂದ್ ಮಾಡಿ, ಉರಿಬಿಸಿಲಿನಲ್ಲಿ ಕಚೇರಿಗೆ ಹೊರಿಸಿ ತಂದರು. ಚಹಾ ಒಯ್ದಿದ್ದ ನಾನು ನೋಡುತ್ತೇನೆ, ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಹಾಗೆ ಮಷಿನ್ನುಗಳ ಮೈಯೆಲ್ಲ ಹನಿ. ದೊಡ್ಡವರ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರಿಂದ ಮೆಲ್ಲಗೆ, "ಬೆವರಾಕತ್ತಾವಲ್ರಿ," ಎಂದೆ.

"ಬಿಸಲಿಗಿ," ಎಂದು ಟವೆಲ್ಲಿನಿಂದ ಒರೆಸಿ ಸ್ವಿಚ್ ಒತ್ತಿದರು. ಎರಡೂ ಒಂದೊಂದು ಸಲ ಚಟ್ ಎಂದು ಸುಮ್ಮನಾದವು.

ಫೋನ್ ಹೋಯಿತು, ಇಬ್ಬರೂ ಓಡಿ ಬಂದರು. ಮೊದಲು ಇವರ ಸಹವಾಸದಿಂದ ತಮ್ಮದು ಕೆಟ್ಟಿತೆಂದು ಅವರು, ಅವರ ಸಹವಾಸದಿಂದ ಎಂದು ಇವರು ಜಗಳಾಡಿದರು. ಮುಚ್ಚಳ ಬಿಚ್ಚಿದಾಗ ಒಳಗೂ ಹನಿ.

"ಎಲ್ಲಿ ಇಟ್ಟಿದ್ರಿ?"

"ನೀವ ತಣ್ಣಗ ಇಡ್ರಿ ಅಂದ್ರಿ."

"ಅಂದ್ರ ಕಚೇರ್ಯಾಗ ಒಂದು ಏಸಿ ಹಾಕ್ರಿ ಅಂತರೀ," ಎಂದರು ಇಬ್ಬರೂ, ಒಟ್ಟಿಗೇ.

ನನ್ನ ಹೇರ್ ಡ್ರೈಯರ್ ತಂದುಕೊಟ್ಟೆ. ಟೈಯವರು ಟೈಯನ್ನು ಹೆಗಲ ಮೇಲೆ ಎಸೆದು ಪೆಂಗ್ವಿನ್ ಮಷಿನ್ನಿಗೆ ಬಿಸಿಗಾಳಿ ಹಿಡಿದರು; ಪೆಂಗ್ವಿನ್‌ನವರು ಪುಟ್ಟ ಬ್ರಷ್ಷಿನಿಂದ ಟೈಯವರ ಮಷಿನ್ನನ್ನು ಒರೆಸುತ್ತಾ ಕೂತರು. ಮಾವನವರು ಆಕಾಶ ನೋಡಿ, "ಹೊತ್ತ ಮುಳಗೂದರಾಗ ಉಂಡ ಬಿಡ್ರಿ. ಆಮ್ಯಾಗ ಜೈನರ ಮನ್ಯಾಗ ಏನೂ ಸಿಗೂದಿಲ್ಲ," ಎಂದರು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡರು.

"ಉಳ್ಳಾಗಡ್ಡಿ ಐತೇನ್ರಿ, ವೈನಿ?" ಎಂದು ಟೈಯವರು ಕೇಳಿದಾಗ, ಜೈನರು ಈರುಳ್ಳಿ ತಿನ್ನುವುದಿಲ್ಲವೆಂದು ಗೊತ್ತಿದ್ದ ಪೆಂಗ್ವಿನ್‌ನವರು ಅವರ ಮೊಣಕಾಲು ತಿವಿದರು.

ಉಂಡು ಬಂದಾಗ ಮಷಿನ್ನುಗಳು ಒಣಗಿದ್ದವು, ಎರಡೂ ಎದ್ದವು. ಬೆಳಗಾದರೆ ಮೊದಲ ಗಾಡಿ. ಮಾವನವರು ಕೇಳಿದರು: "ಪಾಲಬಾವಿಯವರ ಹಳೇ ಮಾಲು ಎಲ್ಲೈತಿ?"

ಮೂರನೆಯ ಕೋಣೆ, ಬಾಗಿಲ ಸಾಲು ಎಂದವು ಎರಡೂ. ಮಾವನವರು ಹೆಮ್ಮೆಯಿಂದ ತಲೆಯಾಡಿಸಿದರು. ಅವರ ಲೆಕ್ಕವೂ ಅದೇ. ಎಲ್ಲರೂ ಹೋಗಿ ನೋಡಿದರೆ ಆ ಸಾಲು ಖಾಲಿ.

ನಮ್ಮನೆಯವರು ಕೆಮ್ಮಿದರು. "ಸರ್ವರ್ ಇಡಾಕ ಜಾಗಾ ಬೇಕಿತ್ತಲ್ಲ ಅಪ್ಪಾ. ಹಿಂದಿನ ಗ್ವಾಡಿ ಕಡೆ ಸರಿಸೇನಿ."

ಪೆಟ್ಟಿಗೆಗಳು ಅಲ್ಲೇ ಇದ್ದವು. ಮಾವನವರು ಅವುಗಳ ಮೇಲಿನ ಹೆಸರು ಓದಿ, ಎಣಿಸಿದರು.

"ನನಗೂ ಗೊತ್ತಿಲ್ಲ, ಎರಡ ಮಷಿನ್ನಿಗೂ ಗೊತ್ತಿಲ್ಲ. ಇವಗೊಬ್ಬಗ ಗೊತ್ತೈತಿ," ಎಂದರು. "ಹೋಗು, ಕುಂಡ್ರು."

ಕುರ್ಚಿಯಲ್ಲಿ ಕೂತು ನಮ್ಮನೆಯವರು ಮಾಡಿದ ಮೊದಲ ತೀರ್ಮಾನ ಲಿನಕ್ಸ್. ಕೆಟ್ಟರೆ ಅಂಕಲಿಯಿಂದ ಬರುವುದು ಸುಲಭ ಎಂಬುದೇ ಕಾರಣ. ಟೈಯವರಿಗೆ ನಾನೊಂದು ಪೊಟ್ಟಣ ಒಣದ್ರಾಕ್ಷಿ ಕಟ್ಟಿಕೊಟ್ಟೆ. ಮರುದಿನ ಮಾವನವರು ಮನೆಯಿಂದ ಇನ್ನೊಂದು ಕುರ್ಚಿ ತರಿಸಿ ಮಗನ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ, ಹಾಕಿಕೊಂಡರು.