ಶನಿವಾರದ ಕುಡುಗೋಲು

1988ರಲ್ಲಿ, ಎಂಟನೇ ಕ್ಲಾಸಿನ ನಡುವೆ ನಾನು ಶಾಲೆ ಬಿಟ್ಟೆ. ನನ್ನ ರಾಶಿಗೆ ಸಾಡೇಸಾತಿ ಹಿಡಿದಿದೆ, ಏಳೂವರೆ ವರ್ಷ ಶನಿ ಬಿಡುವುದಿಲ್ಲ ಎಂದು ಅಜ್ಜಿ ಹೇಳಿದ್ದಳು. ಅಪ್ಪ ಹಾಸಿಗೆ ಹಿಡಿದದ್ದೂ ನಾನು ವೆಲ್ಡಿಂಗ್ ಕಲಿಯಲು ಹೋದದ್ದೂ ಅದೇ ವರ್ಷ. ಆಮೇಲಿನದೆಲ್ಲವನ್ನೂ ಈ ಎರಡು ಕೈಯಿಂದಲೇ ಮಾಡಿಕೊಂಡೆ. ಶನಿಯ ಮೇಲಿನ ಅನುಮಾನವನ್ನು ಮಾತ್ರ ಸಮುದ್ರ ದಾಟಿಸಿ ಫ್ರೀಮ್ಯಾಂಟಲ್ ಎಂಬ ಈ ಬಂದರೂರಿಗೂ ತಂದೆ.

ಕಳೆದ ತಿಂಗಳು ಶೆಡ್ಡು ಗುಡಿಸುವಾಗ ಪೇಂಟ್ ಡಬ್ಬಿಗಳ ಹಿಂದೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಕಪ್ಪು ಬೀಜ. ಕಾಗದಕ್ಕೆ ಆಲಿವ್ ಎಣ್ಣೆಯ ಕಮಟು ವಾಸನೆ... ಪಕ್ಕದ ಮನೆಯ ಅಜ್ಜ ಬೇಲಿಯಾಚೆ ಕೆಮ್ಮಿದಂತಾಯಿತು.

ಅವರು ಇಟಲಿಯವರು. ಹರೆಯದಲ್ಲಿ ಹಡಗು ಹತ್ತಿ ಬಂದು, ಇಲ್ಲಿನ ಬಂದರಿನಲ್ಲೇ ದುಡಿದು, ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದರು. ಹಿತ್ತಿಲು ಪೂರ್ತಿ ತರಕಾರಿ. ನಾನು ಕಂಟೇನರ್ ರಿಪೇರಿ ಯಾರ್ಡಿನಲ್ಲಿ ವೆಲ್ಡರ್. ನಾವು ಈ ಮನೆಗೆ ಬಂದ ಮೊದಲ ಶನಿವಾರ ಬೇಲಿಯ ಮೇಲಿಂದ ಒಂದು ಬಾಟಲಿ ಎಣ್ಣೆ ಕೊಟ್ಟರು. ಸ್ವಂತ ಮರದ ಆಲಿವ್. ನಕ್ಕು ತೆಗೆದುಕೊಂಡೆ. ಮುಂದಿನ ಶನಿವಾರ ಕಬ್ಬಿಣದ ಬಾಣಲೆ. ಅದರ ಮುಂದಿನ ಶನಿವಾರ ಪೊಟ್ಟಣದಲ್ಲಿ ಈರುಳ್ಳಿ ಬೀಜ, ಕರಿ ಎಳ್ಳಿನ ಹಾಗೆ.

ಎಣ್ಣೆ, ಕಬ್ಬಿಣ, ಕಪ್ಪು ಕಾಳು. ಮೂರೂ ಶನಿವಾರ. ನಮ್ಮ ಕಡೆ ಯಾರನ್ನು ಬೇಕಾದರೂ ಕೇಳಿ, ಶನಿ ಹಿಡಿದವನು ಶನಿವಾರ ದಾನ ಕೊಡುವುದು ಇವನ್ನೇ. ತೆಗೆದುಕೊಂಡವನಿಗೆ ಪೀಡೆ ದಾಟುತ್ತದೆ. ಇಟಲಿಯ ಮುದುಕನಿಗೆ ಇದನ್ನು ಯಾರು ಹೇಳಿಕೊಟ್ಟರು?

"ಅಲ್ಲಾ ರೀ, ವಾರವೆಲ್ಲ ಕಬ್ಬಿಣಾನೇ ತಬ್ಕೊಂಡಿರ್ತೀರ, ಅಜ್ಜ ಒಂದು ಬಾಣಲೆ ಕೊಟ್ರೆ ಶನಿನಾ?" ಎಂದು ನನ್ನ ಹೆಂಡತಿ ನಕ್ಕಳು. ಅವಳು ನರ್ಸು; ಯಾವುದಕ್ಕೂ ಹೆದರುವುದಿಲ್ಲ. ಆ ಬಾಣಲೆಯಲ್ಲೇ ದೋಸೆ ಹುಯ್ಯತೊಡಗಿದ್ದಳು.

"ಅದು ಕೂಲಿ ಕಣೇ. ಇದು ದಾನ."

ಬೀಜದ ಪೊಟ್ಟಣವನ್ನು ಶೆಡ್ಡಿನಲ್ಲಿ ಕಣ್ಣಿಗೆ ಬೀಳದಂತೆ ತುರುಕಿದೆ. ಎಣ್ಣೆಯನ್ನು ಯಾರ್ಡಿನ ಸೂಪರ್‌ವೈಸರ್‌ಗೆ ದಾಟಿಸಿದೆ. ಅವನ ಮೇಲೆ ನನಗೆ ಸಿಟ್ಟಿತ್ತು. ಎರಡೇ ತಿಂಗಳಲ್ಲಿ ಅವನಿಗೆ ಬಡ್ತಿಯಾಯಿತು. "ಇನ್ನೊಂದು ಬಾಟಲ್ ಇದ್ರೆ ತಾ, ಮೇಟ್," ಎಂದ. ಪೀಡೆಯೆಲ್ಲ ನನ್ನಲ್ಲೇ ಉಳಿಯಿತೇನೋ ಎಂದುಕೊಂಡೆ.

ಕೊನೆಗೆ ಅಜ್ಜನನ್ನೇ ಕೇಳಿಬಿಟ್ಟೆ, ಯಾಕೆ ಶನಿವಾರವೇ ಎಂದು. ನಮ್ಮಿಬ್ಬರದೂ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಅವರು ಮಣ್ಣಿನ ಬೆರಳಿನಿಂದ ಆಕಾಶ ತೋರಿಸಿದರು. ಇದು ಸ್ಯಾಟರ್ನ್ ದಿನ. ಹಳೆಯ ರೋಮಿನವರಿಗೆ ಅವನು ಬಿತ್ತನೆಯ ದೇವರು. ಬಿತ್ತುವುದರಿಂದಲೇ ಅವನಿಗೆ ಆ ಹೆಸರು ಬಂತು ಎಂದು ಅವರಲ್ಲಿ ಹೇಳುತ್ತಾರಂತೆ. ಕೈಯಲ್ಲಿ ಕುಡುಗೋಲು. ಮಗನೇ ಓಡಿಸಿದಾಗ ಹಡಗಿನಲ್ಲಿ ಇಟಲಿಗೆ ಬಂದು, ತಲೆಮರೆಸಿಕೊಂಡು, ಅಲ್ಲಿನವರಿಗೆ ಬೇಸಾಯ ಕಲಿಸಿದನಂತೆ. ಅವನ ಹಬ್ಬದ ದಿನ ಒಡೆಯನೇ ಆಳಿಗೆ ಬಡಿಸುತ್ತಿದ್ದನಂತೆ.

"ಹಡಗಲ್ಲಿ ಬಂದ, ಬೀಜ ಹಾಕಿದ. ನನ್ನ ಥರ," ಎಂದು ಎದೆ ತಟ್ಟಿಕೊಂಡರು. "ಶನಿವಾರ ಬಿತ್ತು, ಶನಿವಾರ ಕೊಡು. ನಮ್ಮಪ್ಪನೂ ಹಾಗೇ."

ಕೇಳಲು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನಗೆ ಅನುಮಾನ. ಮೇಲಿರುವುದು ಒಂದೇ ಗ್ರಹ. ನಮ್ಮ ಮನೆ ಕೆಡಿಸಿದವನು ಇವರ ಹೊಟ್ಟೆ ಹೇಗೆ ತುಂಬಿಸುತ್ತಾನೆ? ಆಗ ಏಳನೇ ಕ್ಲಾಸಿನಲ್ಲಿದ್ದ ಮಗಳ ಕೈಲಿ ಫೋನಿನಲ್ಲಿ ಹುಡುಕಿಸಿದೆ.

"ಯೆಸ್ ಅಪ್ಪ, ಫಾರ್ಮಿಂಗ್ ಗಾಡ್. ವೆಯ್ಟ್... ಯಕ್! ಹಿ ಏಟ್ ಹಿಸ್ ಓನ್ ಬೇಬೀಸ್!"

"ನೋಡ್ದ್ಯಾ!" ಎಂದು ಹೆಂಡತಿಯ ಕಡೆ ತಿರುಗಿದೆ. "ಮಕ್ಕಳನ್ನ ತಿಂದದ್ದನ್ನ ಮುದುಕ ಹೇಳಲೇ ಇಲ್ಲ!"

ಅಂದಿನಿಂದ ಶನಿವಾರಗಳಲ್ಲಿ ಓವರ್‌ಟೈಮ್ ಹಾಕಿಸಿಕೊಂಡೆ. ಅಜ್ಜ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ ಎಂದು ಹೆಂಡತಿ ಹೇಳುತ್ತಿದ್ದಳು...

ಕೆಲಸವಿಲ್ಲದ ಒಂದು ಶನಿವಾರ ಅವರು ಕೈಗಾಡಿ ತಳ್ಳಿಕೊಂಡು ಬಾಗಿಲಿಗೇ ಬಂದರು. ಸಲಿಕೆ, ಗುದ್ದಲಿ, ಮೇಲೆ ಬಟ್ಟೆ ಸುತ್ತಿದ ಕುಡುಗೋಲು. ಅದು ಅವರ ಅಪ್ಪನದು, ಹಡಗಿನಲ್ಲಿ ಜೊತೆಗೆ ತಂದದ್ದು. ಅವರ ಮಗಳು ಮಾರನೆಯ ದಿನ ಅವರನ್ನು ಅಡಿಲೇಡ್‌ಗೆ ಕರೆದುಕೊಂಡು ಹೋಗುವವಳಿದ್ದಳು. ಅಲ್ಲಿನ ಸ್ಯಾಲಿಸ್‌ಬರಿ ಬಡಾವಣೆಯ ಅವಳ ಮನೆಗೆ ಹಿತ್ತಿಲಿಲ್ಲ.

"ನಿನಗೆ ಕಬ್ಬಿಣ ಗೊತ್ತು," ಎಂದು ಬಟ್ಟೆ ಬಿಚ್ಚಿ ಕುಡುಗೋಲು ಚಾಚಿದರು. "ಕೈಯಿಂದ ಕೈಗೆ."

ಎಣ್ಣೆ ಹಚ್ಚಿದ ಅಲಗು ಮಿರಮಿರ ಮಿನುಗುತ್ತಿತ್ತು. ಕಬ್ಬಿಣ, ಎಣ್ಣೆ, ಶನಿವಾರ. ನನ್ನ ಕೈ ಮೇಲೇಳಲಿಲ್ಲ.

"ಸೋಮವಾರ ತಗೋತೀನಿ," ಎಂದೆ.

"ಸೋಮವಾರ ನಾನೆಲ್ಲಿ, ಮೈ ಫ್ರೆಂಡ್?"

ಕುಡುಗೋಲು ಹಾಗೇ ಗಾಳಿಯಲ್ಲಿತ್ತು. ಆಮೇಲೆ ಅದಕ್ಕೆ ಮತ್ತೆ ಬಟ್ಟೆ ಸುತ್ತಿ, ಗಾಡಿ ತಿರುಗಿಸಿಕೊಂಡು ಹೋದರು.

ಸೋಮವಾರ ಕೆಲಸದಿಂದ ಬರುವಾಗ ಅವರ ಮನೆಯ ಮುಂದೆ ರಸ್ತೆಯಂಚಿನಲ್ಲಿ ರಾಶಿ ಬಿದ್ದಿತ್ತು, ಕೌನ್ಸಿಲ್‌ನ ಕಸದ ಲಾರಿ ಒಯ್ಯಲೆಂದು. ಮುರಿದ ಕುರ್ಚಿ, ಹಾಸಿಗೆ, ಅದೇ ಕೈಗಾಡಿ. ಸಲಿಕೆ, ಗುದ್ದಲಿಗಳನ್ನು ಯಾರೋ ಆಗಲೇ ಆರಿಸಿಕೊಂಡಿದ್ದರು. ಕುಡುಗೋಲು ಯಾರಿಗೂ ಬೇಡವಾಗಿತ್ತು. ನಾನು ಎತ್ತಿಕೊಂಡೆ. ನಾನು ಹೇಳಿದ ಸೋಮವಾರವೇ. ಕೊಡುವ ಕೈ ಮಾತ್ರ ಇರಲಿಲ್ಲ.

ಎರಡು ವರ್ಷದ ಮೇಲೆ ಮನೆ ಮಾರಲು ಬಂದ ಅಜ್ಜನ ಮಗಳು ಬೇಲಿಯ ಹತ್ತಿರ ನನ್ನನ್ನು ಕರೆದಳು. ಅಪ್ಪ ಹೋಗಿಬಿಟ್ಟರು ಎಂದಳು. ಕೊನೆಕೊನೆಗೆ ನನ್ನನ್ನೇ ಕೇಳುತ್ತಿದ್ದರಂತೆ, ಆ ವೆಲ್ಡರ್ ಈರುಳ್ಳಿ ಬಿತ್ತಿದನಾ ಎಂದು. "ಬಿತ್ತಿದೀರಲ್ವಾ?"

"ಹೂಂ, ಬಿತ್ತಿದೆ," ಎಂದೆ.

ಆ ಮೊದಲ ಬಾಟಲಿಯಿಂದ ಈಚೆಗಿನ ಈ ಎಂಟು ವರ್ಷದಲ್ಲಿ ನಮಗೆ ಕೆಟ್ಟದ್ದೇನೂ ಆಗಲಿಲ್ಲ. ಏನಾದರೂ ಆಗಿದ್ದರೆ ನನ್ನ ಅನುಮಾನಕ್ಕೆ ಒಂದು ಆಧಾರವಾದರೂ ಇರುತ್ತಿತ್ತು... ಪೊಟ್ಟಣ ಸಿಕ್ಕ ವಾರವೇ, ಶನಿವಾರ, ಹಿತ್ತಿಲಿನ ಹುಲ್ಲನ್ನು ಅದೇ ಕುಡುಗೋಲಿನಿಂದ ಕೊಯ್ದು, ಮಣ್ಣು ಸಡಿಲಿಸಿ, ಮೂರು ಸಾಲು ಬಿತ್ತಿದೆ. ಈರುಳ್ಳಿ ಬೀಜ ಇಷ್ಟು ವರ್ಷ ತಡೆಯುವುದಿಲ್ಲ ಎಂದು ಆಮೇಲೆ ತಿಳಿಯಿತು. ಅಜ್ಜ ಇದ್ದಿದ್ದರೆ ಮೊದಲೇ ಹೇಳುತ್ತಿದ್ದರು. ಆದರೂ ದಿನಾ ಬೆಳಿಗ್ಗೆ ಹೋಗಿ ನೀರು ಹಾಕುತ್ತೇನೆ.

ಈಗ ನನ್ನ ಬಳಿ ಇರುವುದು ಸ್ವಂತದ ಒಂದು ಮನೆ, ಯಾವುದಕ್ಕೂ ಹೆದರದ ಹೆಂಡತಿ, ಬ್ರಿಸ್ಬೇನ್‌ನಲ್ಲಿ ಓದುತ್ತಿರುವ ಒಬ್ಬ ಮಗಳು, ಕಬ್ಬಿಣದ ಒಂದು ಬಾಣಲೆ, ಒಂದು ಕುಡುಗೋಲು, ಏನೂ ಮೊಳೆಯದ ಮೂರು ಸಾಲು ಮಣ್ಣು.